ಕಿಟ್ ಸಿಗದ ಜೀಪು

"ಇದು ಓಡುತ್ತಾ?"

ನಮ್ಮ ಮನೆಗೆ ಬಂದವರಲ್ಲಿ ಹತ್ತಕ್ಕೆ ಒಂಬತ್ತು ಜನ ಕಪಾಟಿನ ಮುಂದೆ ನಿಂತು ಕೇಳೋ ಮೊದಲ ಪ್ರಶ್ನೆ ಇದು. ಓಡಲ್ಲ ಅಂದರೆ ಎರಡನೇದು, "ಎಷ್ಟಾಯ್ತು?" ರೇಟು ಹೇಳಿದ ಮೇಲೆ ಮೂರನೇ ಪ್ರಶ್ನೆ ಬರಲ್ಲ, ಒಂದು ನೋಟ ಬರುತ್ತೆ. ಮೂವತ್ತು ದಾಟಿದ, ತಿಂಗಳ ಸಂಬಳ ಬರೋ ಮನುಷ್ಯ ಆಟದ ಕಾರಿಗೆ ಮೂರು ಸಾವಿರ ಸುರಿದಿದ್ದಾನೆ, ಅದೂ ಬಿಡಿಬಿಡಿಯಾಗಿ ಬಂದಿದ್ದನ್ನ ತಾನೇ ಅಂಟಿಸಿ ತಾನೇ ಬಣ್ಣ ಹೊಡೀಬೇಕಂತೆ! ಆ ನೋಟಕ್ಕೆ ನಾನೀಗ ಒಗ್ಗಿಹೋಗಿದ್ದೀನಿ.

ಗೊತ್ತಿಲ್ಲದವರಿಗೆ ಎರಡು ಮಾತು. ಸ್ಕೇಲ್ ಮಾಡೆಲ್ ಅಂದರೆ ನಿಜವಾದ ಗಾಡಿಯನ್ನ ಅಳತೆ ಕೆಡದ ಹಾಗೆ ಕುಗ್ಗಿಸಿದ್ದು. ಕಾರಿನ ಕಿಟ್‌ಗಳಲ್ಲಿ ಹೆಚ್ಚು ಬಳಕೆಯ ಸ್ಕೇಲ್ 1:24. ಅಂದರೆ ನಿಜವಾದ ಗಾಡಿಯ ಒಂದು ಅಡಿ ಇಲ್ಲಿ ಅರ್ಧ ಇಂಚು. ಸುಮಾರು 4.3 ಮೀಟರ್ ಉದ್ದದ ಅಂಬಾಸಿಡರ್ ಕಾರು 18 ಸೆಂಟಿಮೀಟರ್ ಆಗುತ್ತೆ, ಮಣಿಕಟ್ಟಿನಿಂದ ಬೆರಳ ತುದಿವರೆಗೆ. ಡಬ್ಬಿ ತೆಗೆದರೆ ಗೊನೆಗೆ ಅಡಿಕೆ ಕಚ್ಚಿಕೊಂಡ ಹಾಗೆ ಪ್ಲಾಸ್ಟಿಕ್ ಚೌಕಟ್ಟಿಗೆ ನೂರಾರು ಬಿಡಿಭಾಗ ಅಂಟಿಕೊಂಡಿರುತ್ತವೆ. ಕತ್ತರಿಸಬೇಕು, ಉಜ್ಜಬೇಕು, ಅಂಟಿಸಬೇಕು. ಇದರ ಅಂಟು ನಿಜಕ್ಕೂ ಅಂಟಲ್ಲ, ಪ್ಲಾಸ್ಟಿಕ್ಕನ್ನೇ ಕರಗಿಸಿ ಎರಡು ತುಂಡನ್ನ ಒಂದು ಮಾಡೋ ದ್ರವ. ಸೂಪರ್ ಗ್ಲೂ ಮಾತ್ರ ಗಾಜಿನ ಹತ್ತಿರ ತರಬೇಡಿ. ಅದರ ಆವಿ ವಿಂಡ್‌ಶೀಲ್ಡ್ ಮೇಲೆ ಮಂಜಿನ ಹಾಗೆ ಕೂತರೆ ಹೋಗಲ್ಲ.

ಈ ಲೋಕದ ದೊಡ್ಡ ಹೆಸರು ಜಪಾನಿನ ಶಿಜುವೊಕಾ ಊರಿನ ತಮಿಯಾ. 1946ರಲ್ಲಿ ಶುರುವಾದಾಗ ಅದು ಮರದ ಮಿಲ್ಲು. ಮುಂದೆ ಮರದ ಮಾಡೆಲ್ ಮಾಡಿ, 1960ರಲ್ಲಿ ಯಮಾಟೊ ಯುದ್ಧನೌಕೆಯ ಕಿಟ್ ಮೂಲಕ ಪ್ಲಾಸ್ಟಿಕ್ಕಿಗೆ ಬಂತು. ನಮ್ಮ ಶಿವಮೊಗ್ಗದಲ್ಲಿ ಸಾಮಿಲ್ಲುಗಳಿಗೆ ಯಾವತ್ತಾದರೂ ಕೊರತೆ ಇತ್ತಾ? ಯಾರಿಗೂ ಹೊಳೀಲಿಲ್ಲ, ಅಷ್ಟೇ.

ಕಟ್ಟೋದಕ್ಕಿಂತ ಕಷ್ಟ ಬಣ್ಣ. ನಿಜವಾದ ಕಾರಿನ ಬಣ್ಣ ಎಲ್ಲಾ ಪದರ ಸೇರಿ ಸುಮಾರು 0.1 ಮಿಲಿಮೀಟರ್ ದಪ್ಪ. ಅದನ್ನ 24ರಿಂದ ಭಾಗಿಸಿ ನೋಡಿ, 0.004 ಮಿ.ಮೀ. ಅಷ್ಟು ತೆಳು ಯಾರ ಕೈಯಲ್ಲೂ ಆಗಲ್ಲ. ಆದರೂ ಅದರ ಹತ್ತಿರಕ್ಕೆ ಹೋಗಲೇಬೇಕು, ಇಲ್ಲದಿದ್ದರೆ ಬಾಗಿಲಿನ ಗೆರೆಗಳೆಲ್ಲ ಬಣ್ಣದಲ್ಲಿ ಮುಚ್ಚಿಹೋಗಿ ಕಾರು ಬೆಲ್ಲದ ಅಚ್ಚಿನ ಹಾಗೆ ಕಾಣುತ್ತೆ. ಅದಕ್ಕೇ ಒಂದು ದಪ್ಪ ಕೋಟಿನ ಬದಲು ನಾಲ್ಕೈದು ತೆಳು ಕೋಟು, ಪ್ರತಿ ಕೋಟಿನ ಮಧ್ಯೆ ಕಾಯೋದು. ಇಲ್ಲಿ ಫಾಸ್ಟ್ ಫಾರ್ವರ್ಡ್ ಬಟನ್ ಇಲ್ಲ. ನಮ್ಮ ಕೆಲಸದಲ್ಲಿ ಎಲ್ಲವೂ ನಿನ್ನೆಗೇ ಬೇಕಾಗಿರುತ್ತೆ ಅಲ್ವಾ, ಹಾಗಾಗಿ ಈ ಕಾಯುವಿಕೆ ಮೊದಮೊದಲು ಮೈ ಪರಚಿಕೊಳ್ಳೋ ಹಾಗಾಗುತ್ತೆ.

ಇದರ ಮೇಲೆ ನಮ್ಮ ಮಳೆ. ಯೂಟ್ಯೂಬಿನ ವಿದೇಶಿ ಗುರುಗಳು ಹೇಳದ ಪಾಠ ಇದು. ವಿದ್ಯಾನಗರದ ಮಹಡಿ ರೂಮಿನಲ್ಲಿ ಜುಲೈ ತಿಂಗಳಲ್ಲಿ ಲ್ಯಾಕರ್ ಪೇಂಟ್ ಸ್ಪ್ರೇ ಮಾಡಿದರೆ ಕಪ್ಪು ಕಾರು ಬೂದುಗುಂಬಳಕಾಯಿಯ ಮೈ ಆಗುತ್ತೆ. ಥಿನ್ನರ್ ಆವಿಯಾಗುವಾಗ ಆ ಮೇಲ್ಮೈ ತಣ್ಣಗಾಗುತ್ತೆ, ಗಾಳಿಯ ತೇವ ಅಲ್ಲಿ ಕೂತು ಬಣ್ಣದೊಳಗೆ ಸಿಕ್ಕಿಬೀಳುತ್ತೆ. ಆ ಬಿಳಿಪು ಅದೇ. ನನ್ನ ಟೇಬಲ್ ಮೇಲೆ ತೇವಾಂಶ ತೋರಿಸೋ ಒಂದು ಪುಟ್ಟ ಮೀಟರ್ ಇದೆ. 70 ದಾಟಿದರೆ ಏರ್‌ಬ್ರಷ್ ಮುಟ್ಟಲ್ಲ, ಆ ದಿನ ಉಜ್ಜೋ ಕೆಲಸ ಮಾತ್ರ. ಮನೇಲಿ ಚಿಕ್ಕ ಮಕ್ಕಳಿದ್ದರೆ ಲ್ಯಾಕರ್ ಸಹವಾಸವೇ ಬೇಡ, ನೀರಿನ ಆಕ್ರಿಲಿಕ್ ಸಾಕು. ಯಾವುದೇ ಆದರೂ ಕಿಟಕಿ ತೆಗೆದಿರಲಿ, ಮುಖಕ್ಕೆ ಆವಿ ತಡೆಯೋ ಮಾಸ್ಕ್ ಇರಲಿ. ಬಟ್ಟೆ ಮಾಸ್ಕ್ ಲೆಕ್ಕಕ್ಕಿಲ್ಲ.

ಸರಿ, ಇದೆಲ್ಲ ಕಲಿತು ಐದಾರು ವರ್ಷದಲ್ಲಿ ಕಪಾಟು ತುಂಬಿತು. ಸ್ಕೈಲೈನ್, ಪೋರ್ಶೆ, ಒಂದು ರ‍್ಯಾಲಿ ಕಾರು. ಒಂದಿನ ಧೂಳು ಒರೆಸ್ತಾ ಇದ್ದಾಗ ಅನ್ನಿಸ್ತು, ಇದರಲ್ಲಿ ಒಂದನ್ನೂ ನಾನು ಬಿ.ಎಚ್. ರೋಡಿನಲ್ಲಿ ಕಣ್ಣಾರೆ ಕಂಡಿಲ್ಲ. ನಾನು ಕಂಡು ಬೆಳೆದ ಗಾಡಿಗಳು ಬೇರೆ. ಮದುವೆ ದಿಬ್ಬಣದ ಅಂಬಾಸಿಡರ್, ಡಾಕ್ಟರ ಪದ್ಮಿನಿ, ಹದಿನೈದು ಜನ ನೇತಾಡಿಕೊಂಡು ಘಾಟಿ ಹತ್ತುತ್ತಿದ್ದ ಜೀಪು. ಪದ್ಮಿನಿ ನಿಂತು ಎರಡು ದಶಕದ ಮೇಲಾಯ್ತು. ಅಂಬಾಸಿಡರ್ 2014ರಲ್ಲಿ ನಿಂತಿತು. ಆಟಿಕೆ ಅಂಗಡೀಲಿ ಹಿಂದೆ ಎಳೆದು ಬಿಟ್ಟರೆ ಓಡೋ ಅಂಬಾಸಿಡರ್ ಸಿಗುತ್ತೆ, ಮುದ್ದಾಗೂ ಇದೆ. ಆದರೆ ಕೂತು ಕಟ್ಟೋ ಕಿಟ್? ನಾನು ಹುಡುಕಿದ ಯಾವ ಅಂಗಡೀಲೂ ಸಿಕ್ಕಿಲ್ಲ. ಜಪಾನಿನವರು ತಮ್ಮ ಊರಿನ ಪುಟಾಣಿ ಮೂರು ಚಕ್ರದ ಗೂಡ್ಸ್ ಗಾಡಿಗೂ ಕಿಟ್ ಮಾಡಿಕೊಂಡಿದ್ದಾರೆ. ನಮ್ಮದನ್ನ ಅವರು ಯಾಕೆ ಮಾಡಿಕೊಡಬೇಕು?

ಇದೇ ಹೊತ್ತಿಗೆ ಗೆಳೆಯನೊಬ್ಬ ಫೋನ್ ಮಾಡಿದ. ತೀರ್ಥಹಳ್ಳಿ ಕಡೆ ಅವನ ಅಪ್ಪನ ಅಡಿಕೆ ತೋಟದಲ್ಲಿ ಒಂದು ಹಳೇ ಮಹೀಂದ್ರಾ ಜೀಪು. ಹದಿನೈದು ವರ್ಷ ಮೀರಿದ ಗಾಡಿಯ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000ಕ್ಕೆ ಏರಿತ್ತಲ್ಲ, ಆಮೇಲೆ ಅದನ್ನ ರಸ್ತೆಗೆ ಇಳಿಸಿರಲಿಲ್ಲ. ಅಪ್ಪನ ಮೊಣಕಾಲಿಗೂ ಕ್ಲಚ್ ಒತ್ತುವ ಶಕ್ತಿ ಇಲ್ಲ. ದೀಪಾವಳಿ ಕಳೆದ ಮೇಲೆ ಗುಜರಿಯವನು ಬರ್ತಾನೆ ಅಂತ ಮಾತಾಗಿತ್ತು. ನಮ್ಮ ಕೈಲಿದ್ದದ್ದು ಎರಡು ಭಾನುವಾರ.

ಆ ಜೀಪಿನ ಜಾತಕ ಸ್ವಲ್ಪ ಹೇಳಬೇಕು. ಅಮೆರಿಕದ ವಿಲ್ಲಿಸ್ ಕಂಪನಿ 1953ರಲ್ಲಿ ಸಿಜೆ-3ಬಿ ಅನ್ನೋ ಜೀಪು ತಂದಿತು. ಹೊಸ ಎಂಜಿನ್ ಎತ್ತರವಾಗಿದ್ದರಿಂದ ಬಾನೆಟ್ಟನ್ನ ಎತ್ತರಿಸಿದರು. ನೋಡೋಕೆ ಚಂದ ಇಲ್ಲ ಅಂತ ಅಲ್ಲಿ ಹಲವರು ಮೂಗು ಮುರಿದರು. 1968ಕ್ಕೆ ಅಲ್ಲಿ ಅದರ ಕಥೆ ಮುಗೀತು. ಇಲ್ಲಿ ಮಹೀಂದ್ರಾದವರು ಅದೇ ಉಬ್ಬು ಹಣೆಯ ಗಾಡಿಯನ್ನ ಆಮೇಲೂ ದಶಕಗಟ್ಟಲೆ ಮಾಡಿದರು. ನಮ್ಮ ಮಟ್ಟಿಗೆ ಜೀಪು ಅಂದರೆ ಆ ಮುಖವೇ.

ಕಿಟ್ ಸಿಗೋದು ಎರಡನೇ ಮಹಾಯುದ್ಧದ ವಿಲ್ಲಿಸ್ ಎಂಬಿ ಜೀಪಿಗೆ, 1:35ರಲ್ಲೂ ಸಿಗುತ್ತೆ, 1:24ರಲ್ಲೂ ಸಿಗುತ್ತೆ. ಖುಷಿಯ ವಿಷಯ ಏನಂದರೆ ಯುದ್ಧದ ಜೀಪಿಗೂ ನಮ್ಮ ಉಬ್ಬು ಹಣೆಯ ಜೀಪಿಗೂ ವೀಲ್‌ಬೇಸ್ ಒಂದೇ, 80 ಇಂಚು. 1:24ರಲ್ಲಿ ಎಂಟೂವರೆ ಸೆಂಟಿಮೀಟರಿಗೆ ಒಂದು ಕೂದಲು ಕಮ್ಮಿ. ಅಂದರೆ ಚಾಸಿ, ಆಕ್ಸಲ್, ಚಕ್ರ ಎಲ್ಲ ಕಿಟ್‌ನಿಂದಲೇ ಸಿಗುತ್ತೆ. ಬದಲಾಗಬೇಕಾದ್ದು ಮುಖ. ಯುದ್ಧದ ಜೀಪಿನ ಗ್ರಿಲ್ಲಿಗೆ ಒಂಬತ್ತು ಸೀಳು, ನಮ್ಮದಕ್ಕೆ ಏಳು. ಅದರ ವಿಂಡ್‌ಶೀಲ್ಡಿಗೆ ಎರಡು ಗಾಜು, ನಮ್ಮದಕ್ಕೆ ಒಂದೇ. ಅದರ ಹೆಡ್‌ಲೈಟು ಗ್ರಿಲ್ಲಿನ ಹಿಂದೆ ಅಡಗಿ ಕೂತಿದೆ, ನಮ್ಮದರದ್ದು ದೊಡ್ಡ ಕಣ್ಣು ಬಿಟ್ಟುಕೊಂಡಿದೆ. ಸ್ಟೀರಿಂಗ್ ಎಡದಿಂದ ಬಲಕ್ಕೆ ಬರಬೇಕು, ಜೊತೆಗೆ ಪೆಡಲು, ಡ್ಯಾಶ್‌ಬೋರ್ಡು ಎಲ್ಲ.

ಮೊದಲ ಭಾನುವಾರ ಪೂರ್ತಿ ಅಳತೆ. ಟೇಪು, ಚಾಕ್‌ಪೀಸು, ಒಂದು ನೋಟ್‌ಬುಕ್ಕು. ಫೋಟೋ ತೆಗೆಯುವಾಗ ಹತ್ತಿರ ನಿಂತು ವೈಡ್‌ನಲ್ಲಿ ತೆಗೀಬೇಡಿ, ಅಂಚುಗಳು ಸೊಟ್ಟಗಾಗಿ ಅಳತೆ ಸುಳ್ಳು ಹೇಳುತ್ತೆ. ಹತ್ತಿಪ್ಪತ್ತು ಹೆಜ್ಜೆ ಹಿಂದೆ ಹೋಗಿ ಜೂಮ್ ಮಾಡಿ, ಗಾಡಿಗೆ ಒಂದು ಅಡಿಪಟ್ಟಿ ಒರಗಿಸಿಟ್ಟು ತೆಗೆದರೆ ಆಮೇಲೆ ಲ್ಯಾಪ್‌ಟಾಪಿನಲ್ಲಿ ಯಾವ ಅಳತೆ ಬೇಕಾದರೂ ಸಿಗುತ್ತೆ. ಕಂಪನಿಯ ಅಳತೆ ಪುಸ್ತಕದಲ್ಲಿ ಇರದ ಸಂಗತಿಗಳೇ ನಮಗೆ ಮುಖ್ಯ. ಹಾರ್ನಿಗೆ ಹಾಕಿದ್ದ ಮನೆಯ ಕಾಲಿಂಗ್ ಬೆಲ್ ಸ್ವಿಚ್ಚು. ಗೊನೆ ಹೇರಿ ಹೇರಿ ಒಳಕ್ಕೆ ಬಾಗಿದ್ದ ಹಿಂದಿನ ಬಾಗಿಲು. ಹಸಿರು ಬಣ್ಣದ ಮೇಲೆ ಯಾವತ್ತೋ ಬ್ರಷ್ಷಿನಲ್ಲೇ ಬಳಿದಿದ್ದ ನೀಲಿ. ಎರಡನೇ ಭಾನುವಾರ ಹೋಗಿದ್ದು ಆ ನೀಲಿಯ ಒಂದು ಚಕ್ಕೆ ಎಬ್ಬಿಸಿ ತರೋದಕ್ಕೆ.

ಬಾನೆಟ್ ಹತ್ತಿರ ಬಂದು ಕೆಲಸ ನಿಂತಿತು. ಎತ್ತರದ ವ್ಯತ್ಯಾಸ ಮಾಡೆಲ್‌ನಲ್ಲಿ ಕೆಲವೇ ಮಿಲಿಮೀಟರ್, ಆದರೆ ಅಂಚಿನ ಆ ದುಂಡು ಹಾಳೆ ಪ್ಲಾಸ್ಟಿಕ್ ಬಗ್ಗಿಸಿದರೆ ಬರಲ್ಲ. ಆಗ ನೆನಪಾದವರು ಭದ್ರಾವತಿಯಲ್ಲಿರೋ ನಮ್ಮ ದೂರದ ನೆಂಟರು. ಕಬ್ಬಿಣದ ಕಾರ್ಖಾನೆಯಲ್ಲಿ ಪ್ಯಾಟರ್ನ್ ಮಾಡ್ತಿದ್ದು ನಿವೃತ್ತರಾದವರು. ಎರಕದ ಕೆಲಸ ಹೀಗೆ: ಮೊದಲು ಬೇಕಾದ ವಸ್ತುವನ್ನ ಮರದಲ್ಲಿ ಕೆತ್ತಬೇಕು, ಅದನ್ನ ಮರಳಲ್ಲಿ ಒತ್ತಿ ಅಚ್ಚು ತೆಗೀಬೇಕು, ಆಮೇಲೆ ಕಾದ ಕಬ್ಬಿಣ. ಬೀಡು ಕಬ್ಬಿಣ ತಣ್ಣಗಾಗುವಾಗ ಮೀಟರಿಗೆ ಸುಮಾರು 10 ಮಿ.ಮೀ. ಕುಗ್ಗುತ್ತೆ. ಅದಕ್ಕೇ ಮರದ ಪ್ಯಾಟರ್ನ್ ಅಷ್ಟು ದೊಡ್ಡದಾಗಿರಬೇಕು. ಇವರ ಹತ್ತಿರ ಇರೋ ಅಳತೆ ಪಟ್ಟಿಯೇ ಬೇರೆ, ಅದರಲ್ಲಿ ಒಂದೊಂದು ಸೆಂಟಿಮೀಟರೂ ಚೂರು ಉದ್ದ! 1923ರಲ್ಲಿ ಇದ್ದಿಲಿನಿಂದ ಕಬ್ಬಿಣ ಕರಗಿಸಲು ಶುರು ಮಾಡಿದ ಕಾರ್ಖಾನೆ ಅದು. ಈಗಿನ ಸ್ಥಿತಿ ಜಿಲ್ಲೆಯವರಿಗೆ ನಾನು ಹೇಳಬೇಕಾಗಿಲ್ಲ.

ಅವರು ಫೋಟೋ ನೋಡಿದರು, ನನ್ನ ಲೆಕ್ಕ ನೋಡಿದರು, ಸಾಗವಾನಿಯ ಒಂದು ತುಂಡು ತಗೊಂಡು ಕೂತರು. "ನಿನ್ನ ಪ್ಲಾಸ್ಟಿಕ್ ಎಷ್ಟು ದಪ್ಪ?" ಅರ್ಧ ಮಿಲಿಮೀಟರ್ ಅಂದೆ. "ಹಾಗಾದರೆ ಎರಡೂ ಕಡೆ ಅರ್ಧರ್ಧ ಕಮ್ಮಿ ಮಾಡ್ತೀನಿ. ಜನ್ಮವೆಲ್ಲ ದೊಡ್ಡದು ಮಾಡಿ ಮಾಡಿ ಇವತ್ತು ಸಣ್ಣದು ಮಾಡ್ತಿದ್ದೀನಿ ನೋಡು" ಅಂತ ನಕ್ಕರು. ಬೆಂಕಿಪೊಟ್ಟಣಕ್ಕಿಂತ ಸಣ್ಣ ಆ ಮರದ ಬಾನೆಟ್ಟಿಗೆ ಅವರು ತಗೊಂಡಿದ್ದು ಒಂದು ಮಧ್ಯಾಹ್ನ ಮತ್ತು ಮೂರು ಲೋಟ ಕಾಫಿ. ಪ್ಲಾಸ್ಟಿಕ್ ಹಾಳೆಯನ್ನ ಚೌಕಟ್ಟಿಗೆ ಬಿಗಿದು, ಒಲೆಯ ಮೇಲೆ ದೂರದಿಂದ ಕಾಯಿಸಿ, ಜೋತು ಬೀಳೋಕೆ ಶುರುವಾದ ಕೂಡಲೇ ಮರದ ಮೇಲೆ ಒತ್ತಿದೆವು. ಮೂರನೇ ಹಾಳೆಗೆ ಬಾನೆಟ್ ಬಂತು. ಇಷ್ಟು ವರ್ಷ ಅವರನ್ನ ಮದುವೆ ಮನೆಗಳಲ್ಲಿ ನೋಡಿ ನಮಸ್ಕಾರ ಹೇಳಿದ್ದು ಬಿಟ್ಟರೆ ಅವರ ಕೈಯಲ್ಲಿ ಏನಿದೆ ಅಂತ ನಾನು ಕೇಳಿರಲೇ ಇಲ್ಲ.

ಅಮೆರಿಕದಲ್ಲಿ ಇದನ್ನೇ ದೊಡ್ಡದಾಗಿ ಮಾಡಿದ್ದರು. ಫಿಶರ್ ಬಾಡಿ ಕ್ರಾಫ್ಟ್ಸ್‌ಮನ್ಸ್ ಗಿಲ್ಡ್ ಅಂತ ಜನರಲ್ ಮೋಟರ್ಸ್ 1930ರಿಂದ 1968ರವರೆಗೆ ಹುಡುಗರಿಗೆ ಮಾಡೆಲ್ ಸ್ಪರ್ಧೆ ನಡೆಸಿ ಓದೋದಕ್ಕೆ ಸ್ಕಾಲರ್‌ಶಿಪ್ ಕೊಡ್ತಿತ್ತು. 1947ರಲ್ಲಿ ಗೆದ್ದ ಚಕ್ ಜೋರ್ಡನ್ ಮುಂದೆ ಅದೇ ಕಂಪನಿಯ ಡಿಸೈನ್ ಮುಖ್ಯಸ್ಥನಾದ. ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಫೆಸ್ಟ್‌ಗಳಲ್ಲಿ ಇಂಥದ್ದೊಂದು ಟೇಬಲ್ ಹಾಕೋಕೆ ಏನು ಖರ್ಚು?

ಉಳಿದ ಕೆಲಸ ಬೇಗ ಹೇಳ್ತೀನಿ. ಟಾರ್ಪಾಲಿನ್ ಮೇಲ್ಛಾವಣಿಗೆ ಟಿಶ್ಯೂ ಪೇಪರ್, ನೀರು ಬೆರೆಸಿದ ಫೆವಿಕಾಲ್. ವೈರಿಂಗಿಗೆ ಕೆಟ್ಟ ಸೀರಿಯಲ್ ಸೆಟ್ಟಿನ ಒಳಗಿನ ತಂತಿ. ಬಣ್ಣ ಕಲಸೋಕೆ ಅಡಿಕೆ ಹಾಳೆಯ ತಟ್ಟೆ. ಮೊದಲು ಹಸಿರು, ಅದು ಪೂರ್ತಿ ಒಣಗಿದ ಮೇಲೆ ನೀಲಿ, ಆಮೇಲೆ ನೀಲಿಯನ್ನ ಅಂಚುಗಳಲ್ಲಿ ಮೆಲ್ಲಗೆ ಉಜ್ಜಿ ಹಸಿರು ಇಣುಕೋ ಹಾಗೆ ಮಾಡಿದ್ದು. ನೀಲಿಯನ್ನ ಚಕ್ಕೆಗೆ ಸರಿಯಾಗಿ ಹೊಂದಿಸಿದ ಮೇಲೆ ಎರಡು ಹನಿ ಬಿಳಿ ಸೇರಿಸಿದೆ. ಅದೇ ಬಣ್ಣ ಸಣ್ಣ ವಸ್ತುವಿನ ಮೇಲೆ ಕಣ್ಣಿಗೆ ಗಾಢವಾಗಿ ಕಾಣುತ್ತೆ.

ಕೊನೆಗೆ ಕೆಸರು. ತೋಟದ ಕೆಮ್ಮಣ್ಣನ್ನೇ ತಂದು ಹಳೇ ಪಂಚೆ ಬಟ್ಟೆಯಲ್ಲಿ ಜರಡಿ ಹಿಡಿದು ಚಕ್ರಕ್ಕೆ, ಚಾಸಿಗೆ ಹಚ್ಚಿದೆ. ನೀವೂ ಮಾಡೋದಾದರೆ ಮಣ್ಣನ್ನ ಮೊದಲು ಕಾವಲಿ ಮೇಲೆ ಹುರೀರಿ, ಇಲ್ಲದಿದ್ದರೆ ಮಳೆಗಾಲದಲ್ಲಿ ನಿಮ್ಮ ಜೀಪಿಗೆ ಬೂಷ್ಟು ಬರುತ್ತೆ. ಮಲೆನಾಡಿಗೆ ಅದೂ ಸಹಜವೇ ಅನ್ನಿ.

ಜೀಪು ಮುಗಿಯೋ ಹೊತ್ತಿಗೆ ನಿಜವಾದದ್ದು ಲಾರಿ ಹತ್ತಿ ಹೋಗಿ ಮೂರು ತಿಂಗಳಾಗಿತ್ತು. ಗೆಳೆಯನ ಅಪ್ಪ ಮಾಡೆಲನ್ನ ಅಂಗೈ ಮೇಲಿಟ್ಟುಕೊಂಡು ತಿರುಗಿಸಿ ಮೊದಲು ಅಡಿಭಾಗ ನೋಡಿದರು, ಆಮೇಲೆ ಉಗುರಿನಲ್ಲಿ ಆ ಕಾಲಿಂಗ್ ಬೆಲ್ ಸ್ವಿಚ್ಚನ್ನ ಮುಟ್ಟಿದರು. ಹಾರ್ನ್ ಕೆಟ್ಟಿದ್ದು ಯಾವತ್ತು ಅಂತ ಕಥೆ ಶುರುವಾಯ್ತು. ಹೆರಿಗೆ ನೋವಿನ ಹೆಂಡತಿಯನ್ನ ಕೂರಿಸಿಕೊಂಡು ಜಡಿಮಳೆಯಲ್ಲಿ ಆಸ್ಪತ್ರೆಗೆ ಹೊರಟ ರಾತ್ರಿಯಂತೆ, ದಾರೀಲಿ ಎರಡು ಕಡೆ ಮರ ಬಿದ್ದಿತ್ತಂತೆ. ಗೆಳೆಯ ಬಾಯಿ ಬಿಟ್ಟುಕೊಂಡು ಕೇಳ್ತಿದ್ದ. ಹುಟ್ಟಿದ್ದು ಅವನೇ, ಕಥೆ ಕೇಳಿದ್ದು ಮಾತ್ರ ಅವತ್ತೇ ಮೊದಲು. ಜೀಪು ಈಗ ಅವರ ಮನೆಯ ಟಿವಿ ಪಕ್ಕ ಇದೆ, ನನಗೆ ವಾಪಸ್ ಬರೋ ಲಕ್ಷಣ ಇಲ್ಲ.

ಮುಂದಿನದು ಅಂಬಾಸಿಡರ್. ಭದ್ರಾವತಿಯ ಕಾಗದನಗರದ ಹತ್ತಿರ ಒಂದು ಶೆಡ್ಡಿನಲ್ಲಿ ಬಿಳೀ ಕಾರಿದೆ, ಟೈರಿನಲ್ಲಿ ಗಾಳಿ ಇಲ್ಲ, ಮಿಕ್ಕಿದ್ದೆಲ್ಲ ಇದೆ. ಮಾಲೀಕರು ಈ ಭಾನುವಾರ ಹತ್ತು ಗಂಟೆಗೆ ಬನ್ನಿ, ಹನ್ನೆರಡಕ್ಕೆ ನಾನು ಹೊರಗೆ ಹೋಗ್ಬೇಕು ಅಂದಿದ್ದಾರೆ. ಟೇಪು, ಚಾಕ್‌ಪೀಸು, ಅಡಿಪಟ್ಟಿ ಬ್ಯಾಗಿಗೆ ಹಾಕಿಟ್ಟಿದ್ದೀನಿ. ಪ್ಯಾಟರ್ನ್ ಅಜ್ಜನೂ ಬರ್ತಾರಂತೆ. ಆ ಕಾರಿನ ಬಾನೆಟ್ ಗುಂಡಗಿರೋದರಿಂದ ಫೋಟೋ ಸಾಕಾಗಲ್ಲ, ಕೈಯಲ್ಲೇ ಸವರಿ ನೋಡಬೇಕು ಅಂತ ಅವರ ವಾದ.