ಕಲ್ನಾರಿನ ಮಾಡು: ಸೇವೆಗೆ ಮುನ್ನ ಒಂದು ಎಚ್ಚರ



ಜಾತ್ರೆ ಸಮೀಪಿಸಿದೊಡನೆ ನಮ್ಮ ಊರುಗಳಲ್ಲಿ ದಾಸೋಹ ಮನೆಗಳ ದುರಸ್ತಿ ಆರಂಭವಾಗುತ್ತದೆ. ತರುಣರು ಭಕ್ತಿಯಿಂದ ಶ್ರಮದಾನಕ್ಕೆ ಬಂದು ಮಾಡಿನ ಹಳೆಯ ಸಿಮೆಂಟ್ ಶೀಟುಗಳನ್ನು ಸುತ್ತಿಗೆಯಿಂದ ಒಡೆದು ಕೆಳಗೆಸೆಯುತ್ತಾರೆ. ಕೆಳಗೆ ಬಿದ್ದ ಧೂಳನ್ನು ತಾಯಂದಿರು ಗುಡಿಸುತ್ತಾರೆ. ಈ ಸೇವೆಯಲ್ಲಿ ಅಡಗಿರುವ ಅಪಾಯವನ್ನು ಅರಿತವರು ಕಡಿಮೆ.

ಆ ಹಳೆಯ ಶೀಟುಗಳಲ್ಲಿ ಬಹುಪಾಲು ಆಸ್‌ಬೆಸ್ಟಾಸ್, ಅಂದರೆ ಕಲ್ನಾರು ಬೆರೆತವು. ಸಿಮೆಂಟು ಬಿಗಿಯಾಗಿ ಹಿಡಿದಿರುವವರೆಗೆ ಅದರ ಎಳೆಗಳು ಹೊರಬರುವುದು ಅತ್ಯಲ್ಪ. ಒಡೆದಾಗ, ಕೊಯ್ದಾಗ, ರಂಧ್ರ ಕೊರೆದಾಗ ಕಣ್ಣಿಗೆ ಕಾಣದ ಎಳೆಗಳು ಗಾಳಿಗೆ ಸೇರಿ ಉಸಿರಿನೊಡನೆ ಒಳಹೋಗಿ ಶ್ವಾಸಕೋಶದಲ್ಲಿ ನೆಲೆಸುತ್ತವೆ. ಶ್ವಾಸಕೋಶ ಗಡುಸಾಗುವ ಆಸ್‌ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್, ಅದರ ಹೊರಪೊರೆಗೆ ತಗಲುವ ಮೆಸೊಥೀಲಿಯೋಮ, ಇವು ಅದರ ಫಲಗಳು. ರೋಗ ತಲೆದೋರಲು 20ರಿಂದ 40 ವರ್ಷಗಳು ಹಿಡಿಯುವುದರಿಂದ ಅಂದಿನ ಧೂಳಿಗೂ ಇಂದಿನ ಕೆಮ್ಮಿಗೂ ಇರುವ ನಂಟು ಯಾರಿಗೂ ಹೊಳೆಯುವುದಿಲ್ಲ.

ಬ್ರಿಟನ್ 1999ರಲ್ಲಿಯೂ ಯೂರೋಪ್ ಒಕ್ಕೂಟವು 2005ರಲ್ಲಿಯೂ ಕಲ್ನಾರಿನ ಬಳಕೆಯನ್ನು ನಿಷೇಧಿಸಿದವು. ನಮ್ಮಲ್ಲಿ ಬಿಳಿ ಕಲ್ನಾರಿನ ಶೀಟುಗಳು ಇನ್ನೂ ಮಾರಾಟದಲ್ಲಿವೆ. ಕಾರ್ಮಿಕನ ಆರೋಗ್ಯವು ಅವನ ಜೀವಿಸುವ ಹಕ್ಕಿನ ಭಾಗವೆಂದು ನಮ್ಮ ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ಕಲ್ನಾರಿನ ಮೊಕದ್ದಮೆಯಲ್ಲಿಯೇ ಸಾರಿತು. ಕಾರ್ಮಿಕರ ಆರೋಗ್ಯ ದಾಖಲೆಗಳನ್ನು ಕನಿಷ್ಠ 40 ವರ್ಷ ಕಾಪಾಡಬೇಕೆಂದು ಈ ಉದ್ಯಮಕ್ಕೆ ಆದೇಶಿಸಿತು. ಆದರೆ ನಮ್ಮ ಮಾಡು ಹತ್ತುವ ಕೂಲಿಯವನ ಹೆಸರು ಯಾವ ದಾಖಲೆಯಲ್ಲಿದೆ? ಅವನ ರಕ್ಷಣೆ ಕೆಲಸ ಹೇಳಿದ ನಮ್ಮದೇ.

ಆದ್ದರಿಂದ ಇಷ್ಟನ್ನು ನೆನಪಿಡಬೇಕು. ಗಟ್ಟಿಯಾಗಿರುವ ಶೀಟನ್ನು ಭಯಪಟ್ಟು ಕೀಳುವುದು ಬೇಡ; ಕೆರೆಯದೆ, ಉಜ್ಜದೆ ಹಾಗೆಯೇ ಬಿಡುವುದು ಕ್ಷೇಮ. ತೆಗೆಯಲೇಬೇಕಾದರೆ ಅನುಭವವುಳ್ಳವರಿಂದಲೇ ತೆಗೆಸಬೇಕು. ಹಳೆಯ ಶೀಟು ಕಾಲಿಟ್ಟಾಗ ಕುಸಿಯುವುದೂ ಉಂಟು. ಮೊದಲು ನೀರಿನಿಂದ ಚೆನ್ನಾಗಿ ನೆನೆಸಿ, ಮೊಳೆ ಬೋಲ್ಟುಗಳನ್ನು ಬಿಚ್ಚಿ, ಇಡಿಯಾಗಿ ಕೆಳಗಿಳಿಸಬೇಕು. ಮುಖಕ್ಕೆ ಕಟ್ಟಿದ ವಸ್ತ್ರ ಈ ಎಳೆಗಳನ್ನು ತಡೆಯದು. ಸೂಕ್ಷ್ಮ ಧೂಳನ್ನು ತಡೆಯುವ ಬಿಗಿಯಾದ ಮುಖಕವಚವೇ ಬೇಕು. ಮಕ್ಕಳು, ಗರ್ಭಿಣಿಯರು ಸನಿಹ ಸುಳಿಯಬಾರದು. ಧೂಳನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ದುಡಿದವರ ಉಡುಪನ್ನು ಮನೆಯಲ್ಲಿ ಕೊಡವಬಾರದು. ಅಂಥ ಬಟ್ಟೆ ಒಗೆದ ಗೃಹಿಣಿಯರೂ ಮೆಸೊಥೀಲಿಯೋಮಕ್ಕೆ ತುತ್ತಾದುದುಂಟು. ಚೂರುಗಳನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಸ್ಥಳೀಯ ಸಂಸ್ಥೆಯನ್ನು ವಿಚಾರಿಸಿಯೇ ವಿಲೇವಾರಿ ಮಾಡಬೇಕು. ಹೊಲದ ದಾರಿಗೆ, ಅಂಗಳದ ತಗ್ಗಿಗೆ ಸುರಿಯಲಾಗದು.

ಇದಕ್ಕೆ ಖರ್ಚು ತುಸು ಹೆಚ್ಚಾಗಬಹುದು, ಕೆಲಸ ಎರಡು ದಿನ ತಡವಾಗಬಹುದು. ಕಾಯಕವನ್ನು ಪೂಜೆಯೆಂದು ನಂಬಿದ ನಮಗೆ ಕಾಯಕ ಮಾಡುವವನ ಉಸಿರೂ ಪೂಜ್ಯವೇ ಅಲ್ಲವೇ? ಅನ್ನ ನೀಡುವ ಮನೆಯ ಮಾಡಿನಿಂದ ಯಾರಿಗೂ ರೋಗ ಇಳಿಯದಿರಲಿ.