ಕೈಗೆ ಮಸಿ ಹತ್ತಿದರೆ ಘನತೆ ಕೆಡುವುದೇ?

ಕಳೆದ ತಿಂಗಳು ಠಾಣೆಯ ನಮ್ಮ ಸೊಸೈಟಿಯ ಸೂಚನಾ ಫಲಕದಲ್ಲಿ ಒಂದು ಪ್ರಕಟಣೆ ಕಾಣಿಸಿಕೊಂಡಿತು. ವಾಹನ ನಿಲ್ಲಿಸುವ ಜಾಗದಲ್ಲಿ ನಿವಾಸಿಗಳು ಸ್ವತಃ ದುರಸ್ತಿ ಕೆಲಸ ಮಾಡುವುದು ಸೊಸೈಟಿಯ ಘನತೆಗೆ ತಕ್ಕುದಲ್ಲ, ಮರುಕಳಿಸಿದರೆ ದಂಡ ವಿಧಿಸಲಾಗುವುದು ಎಂಬುದು ಅದರ ಸಾರ. ಹೆಸರು ಬರೆದಿರಲಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ. ಹಿಂದಿನ ಭಾನುವಾರ ನಮ್ಮ ಬಳಗದ ಮೂವರು ಸೇರಿ, ಒಂಬತ್ತು ವರ್ಷ ಹಳೆಯ ಕಾರೊಂದರ ಹಿಂದಿನ ಚಕ್ರಗಳ ಬ್ರೇಕ್ ಪ್ಯಾಡು ಮತ್ತು ಡಿಸ್ಕುಗಳನ್ನು ಅಲ್ಲಿಯೇ ಬದಲಿಸಿದ್ದೆವು. ನೆಲಕ್ಕೆ ರಟ್ಟು ಹಾಸಿದ್ದೆವು; ಒಂದು ಹನಿ ಎಣ್ಣೆಯೂ ಕೆಳಗೆ ಬಿದ್ದಿರಲಿಲ್ಲ.

ಸಮಿತಿಯವರು ಕೊಳಕು ಎಂದಿದ್ದರೆ ನಾವು ಉತ್ತರ ಕೊಟ್ಟು ಸುಮ್ಮನಾಗುತ್ತಿದ್ದೆವು. ಅವರು ಬಳಸಿದ ಪದ ಘನತೆ. ಆದ್ದರಿಂದ ಈ ಬರಹ.

ಅದೇ ಜಾಗದಲ್ಲಿ ದಿನವೂ ಬೆಳಗಿನ ಐದಕ್ಕೆ ಇಬ್ಬರು ಹುಡುಗರು ನಲವತ್ತು ಕಾರುಗಳನ್ನು ತೊಳೆಯುತ್ತಾರೆ. ಸೋಪಿನ ನೊರೆ ಗೇಟಿನವರೆಗೂ ಹರಿಯುತ್ತದೆ. ಅದರಿಂದ ಯಾರ ಘನತೆಗೂ ಕುಂದು ಬಂದಿಲ್ಲ. ಹಾಗಾದರೆ ಆಕ್ಷೇಪ ಇರುವುದು ಕೆಲಸದ ಮೇಲಲ್ಲ, ಕೊಳೆಯ ಮೇಲೂ ಅಲ್ಲ. ಕೆಲಸ ಮಾಡಿದ ಕೈ ಯಾರದು ಎಂಬುದರ ಮೇಲೆ. ಸಂಬಳಕ್ಕೆ ದುಡಿಯುವ ಕೈ ಕಪ್ಪಾದರೆ ಅದು ಸಹಜ. ಫ್ಲ್ಯಾಟಿನ ಒಡೆಯನ ಕೈ ಕಪ್ಪಾದರೆ ಅದು ಅವಮಾನ. ಈ ವಿಚಾರಕ್ಕೆ ನಮ್ಮ ನಾಡಿನಲ್ಲಿ ಬಹು ಹಳೆಯ ಹೆಸರಿದೆ. ಅದನ್ನು ಇಲ್ಲಿ ಬಿಡಿಸಿ ಹೇಳಬೇಕಿಲ್ಲ.

ನಮ್ಮನ್ನು ಹೆಚ್ಚು ನೋಯಿಸಿದ್ದು ಪ್ರಕಟಣೆಯಲ್ಲ, ನಮ್ಮವರ ನಗೆ. "ಸಾಹಿತ್ಯ ಬಿಟ್ಟು ಗ್ಯಾರೇಜು ತೆರೆದಿರಾ?" ಎಂದು ಬಳಗದ ಹಿರಿಯರೊಬ್ಬರು ಕೇಳಿದರು. ವರ್ಷಕ್ಕೊಮ್ಮೆ ಬಸವ ಜಯಂತಿಯಂದು ಸಭಾಂಗಣ ಬಾಡಿಗೆಗೆ ಹಿಡಿದು, ಕಾಯಕ ತತ್ತ್ವದ ಮೇಲೆ ಎರಡು ಗಂಟೆ ಉಪನ್ಯಾಸ ಕೇಳಿ, ಶಾಲು ಹೊದಿಸಿ ಮನೆಗೆ ಬರುವವರು ನಾವೇ. ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ: ಈ ಶರಣರ ಹೆಸರಿನೊಳಗೇ ಅವರ ಕೆಲಸ ಕುಳಿತಿದೆ. ಅವರ ವಚನಗಳು ನಮಗೆ ಬೇಕು, ಅವರ ಕೈ ಬೇಡ. ಅಷ್ಟೇ ಅಲ್ಲ, ಮುಂಬಯಿಯ ಕನ್ನಡಿಗರು ಈ ನಗರದಲ್ಲಿ ನೆಲೆ ಕಂಡದ್ದೇ ಕೈಕೆಲಸದಿಂದ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯ ಬೆಂಚಿನ ಮೇಲೆ ಕುಳಿತು ಅಕ್ಷರ ಕಲಿತ ಹುಡುಗರ ಮಕ್ಕಳು, ಮೊಮ್ಮಕ್ಕಳು ನಾವು. ಆ ರಾತ್ರಿ ಶಾಲೆಗಳ ಚರಿತ್ರೆಯನ್ನು ಹೆಮ್ಮೆಯಿಂದ ಬರೆಯುತ್ತೇವೆ. ಹಗಲಿನ ಲೋಟವನ್ನು ಮಾತ್ರ ಮರೆಯುತ್ತೇವೆ.

ಇನ್ನು ನಡೆದದ್ದನ್ನು ಹೇಳೋಣ. ಖಂಡಾಲಾ ಘಾಟಿ ಇಳಿಯುವಾಗ ಕಾರಿನ ಹಿಂಬದಿಯಿಂದ ಲೋಹ ಉಜ್ಜಿದ ಸದ್ದು ಬಂದಿತು. ಅಧಿಕೃತ ಸೇವಾ ಕೇಂದ್ರವೊಂದಕ್ಕೆ ಒಯ್ದೆವು. ಪ್ಯಾಡು, ಡಿಸ್ಕುಗಳ ಜೊತೆಗೆ ಎರಡೂ ಕ್ಯಾಲಿಪರುಗಳನ್ನು ಬದಲಿಸಬೇಕೆಂದು 26,000 ರೂಪಾಯಿಯ ಅಂದಾಜು ಕೊಟ್ಟರು. ಕ್ಯಾಲಿಪರಿಗೆ ಏನಾಗಿದೆ ಎಂದು ಕೇಳಿದೆವು. "ಸಿಸ್ಟಮ್ ಹಾಗೆ ತೋರಿಸುತ್ತಿದೆ" ಎಂದರು. ಚಕ್ರ ಬಿಚ್ಚಿ ತೋರಿಸಿ ಎಂದರೆ, ಗ್ರಾಹಕರಿಗೆ ಒಳಗೆ ಪ್ರವೇಶವಿಲ್ಲ ಎಂದರು.

ಚಕ್ರವನ್ನು ನಾವೇ ಬಿಚ್ಚಿದಾಗ ಸಂಗತಿ ಕಣ್ಣೆದುರಿಗೇ ಇತ್ತು. ಎಡಗಡೆಯ ಒಳ ಪ್ಯಾಡು ಸವೆದು ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿತ್ತು. ಹೊರ ಪ್ಯಾಡು ಅರ್ಧದಷ್ಟು ಉಳಿದಿತ್ತು. ಕ್ಯಾಲಿಪರ್ ಅತ್ತಿತ್ತ ಸರಿದಾಡಲು ಆಧಾರವಾದ ಪಿನ್ನುಗಳಲ್ಲಿ ಒಂದು ಗ್ರೀಸ್ ಒಣಗಿ, ಮಳೆಗಾಲದ ತುಕ್ಕು ಹಿಡಿದು ಬಿಗಿದುಕೊಂಡಿತ್ತು. ಕ್ಯಾಲಿಪರ್ ಸರಿಯದಿದ್ದರೆ ಪಿಸ್ಟನ್ನಿನ ಬದಿಯ ಪ್ಯಾಡೇ ಎಲ್ಲ ಭಾರ ಹೊರುತ್ತದೆ, ಅದೇ ಮೊದಲು ಸವೆಯುತ್ತದೆ. ಪಿಸ್ಟನ್ನಿನ ರಬ್ಬರು ಹರಿದಿರಲಿಲ್ಲ, ಎಣ್ಣೆ ಸೋರಿರಲಿಲ್ಲ. ಪಿನ್ನನ್ನು ತೆಗೆದು, ಉಜ್ಜಿ, ಅದಕ್ಕೆಂದೇ ಇರುವ ಗ್ರೀಸ್ ಸವರಿದೊಡನೆ ಕ್ಯಾಲಿಪರ್ ಬೆರಳಿನ ಒತ್ತಡಕ್ಕೆ ಸರಿಯಿತು. ಪ್ಯಾಡು, ಡಿಸ್ಕು, ಗ್ರೀಸ್ ಎಲ್ಲ ಸೇರಿ ನಮಗೆ ತಗಲಿದ್ದು 9,400 ರೂಪಾಯಿ. ಉಳಿದ ಹಣಕ್ಕಿಂತ ಮುಖ್ಯವಾದದ್ದು, ಕಾರಣ ತಿಳಿದದ್ದು.

ಮೊದಲ ಆಕ್ಷೇಪ ಸುರಕ್ಷತೆಯದು. ಬ್ರೇಕು ಪ್ರಾಣದ ವಿಷಯ, ಓದುಬರಹದವರು ಕೈಹಾಕಬಾರದು ಎನ್ನುತ್ತಾರೆ. ಪ್ರಾಣದ ವಿಷಯ ಎಂಬುದು ನಿಜ. ಆದ್ದರಿಂದಲೇ ನಾವು ಕೇವಲ ಜಾಕನ್ನು ನಂಬಲಿಲ್ಲ. ಗಟ್ಟಿ ನೆಲದ ಮೇಲೆ ಸ್ಟ್ಯಾಂಡು ಕೊಟ್ಟೆವು. ಹಿಂದಿನ ಬ್ರೇಕಿನ ಕೆಲಸಕ್ಕೆ ಕೈಬ್ರೇಕ್ ಬಿಟ್ಟಿರಬೇಕಾದ್ದರಿಂದ ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟೆವು. ಕೈಬ್ರೇಕ್ ಜೋಡಿಸಿದ ಈ ಬಗೆಯ ಹಿಂದಿನ ಪಿಸ್ಟನ್ನನ್ನು ಬರಿದೆ ಒತ್ತಿದರೆ ಒಳಗಿನ ಯಂತ್ರಾಂಗ ಕೆಡುತ್ತದೆ. ತಿರುಗಿಸುತ್ತ ಒಳಸರಿಸುವ ಉಪಕರಣವನ್ನು ಬಾಡಿಗೆಗೆ ತಂದೆವು. ಹೊಸ ಡಿಸ್ಕಿನ ಮೇಲಿನ ರಕ್ಷಣೆಯ ಎಣ್ಣೆಯನ್ನು ತೊಳೆದೆವು, ಡಿಸ್ಕು ಕೂರುವ ಹಬ್ಬಿನ ತುಕ್ಕನ್ನು ಉಜ್ಜಿದೆವು, ಬೋಲ್ಟುಗಳನ್ನು ಟಾರ್ಕ್ ಪಾನಾದಿಂದ ಹೇಳಿದ ಅಳತೆಗೇ ಬಿಗಿದೆವು. ಕಾರು ಕದಲಿಸುವ ಮೊದಲು ಪೆಡಲು ಗಟ್ಟಿಯಾಗುವವರೆಗೂ ಒತ್ತಿದೆವು. ಮರುದಿನ ನಸುಕಿನಲ್ಲಿ ಖಾಲಿ ರಸ್ತೆಯಲ್ಲಿ, ಐವತ್ತರ ವೇಗದಿಂದ ನಿಧಾನಕ್ಕೆ ಇಳಿಸುತ್ತ ಹತ್ತು ಬಾರಿ ಬ್ರೇಕು ಹಾಕಿ ಪ್ಯಾಡು ಮತ್ತು ಡಿಸ್ಕನ್ನು ಹೊಂದಿಸಿದೆವು. ಇಷ್ಟು ತಾಳ್ಮೆ ಇಲ್ಲದವರು, ಉಪಕರಣ ಇಲ್ಲದವರು ಈ ಕೆಲಸಕ್ಕೆ ಇಳಿಯಲೇಬಾರದು. ಆದರೆ ದಿನಕ್ಕೆ ಇಪ್ಪತ್ತು ಕಾರು ಮುಗಿಸಬೇಕಾದ ಕಾರ್ಖಾನೆಯಲ್ಲಿ, ನಮ್ಮ ಕಣ್ಣಿಗೆ ಬೀಳದಂತೆ ನಡೆಯುವ ಕೆಲಸದಲ್ಲಿ ಈ ತಾಳ್ಮೆ ಇದ್ದೇ ಇರುತ್ತದೆ ಎಂದು ನಂಬುವುದು ಸುರಕ್ಷತೆಯಲ್ಲ, ಭಕ್ತಿ.

ಎರಡನೆಯ ಆಕ್ಷೇಪ, ಬಡ ಮೆಕ್ಯಾನಿಕನ ಹೊಟ್ಟೆಯ ಮೇಲೆ ಹೊಡೆದಂತಲ್ಲವೇ ಎಂಬುದು. ಇದನ್ನು ಕೇಳಿದವರ ಕಾರುಗಳೆಲ್ಲ ಅಧಿಕೃತ ಕೇಂದ್ರಗಳಿಗೇ ಹೋಗುತ್ತವೆ ಎಂಬುದನ್ನು ಬದಿಗಿಡೋಣ. ಆ ಭಾನುವಾರ ಮೊದಲ ಚಕ್ರದ ಕೆಲಸ ನಡೆಯುವಾಗ ನಮ್ಮ ಪಕ್ಕದಲ್ಲಿ ನಿಂತವರು ವಿಜಯಪುರದ ಕಡೆಯಿಂದ ಬಂದು ಮೂವತ್ತು ವರ್ಷ ಇಲ್ಲಿ ಗ್ಯಾರೇಜು ನಡೆಸಿದ ಮಿಸ್ತ್ರಿ. ಬಿಚ್ಚಿದ ಕ್ಯಾಲಿಪರನ್ನು ನಾವು ಹಾಗೆಯೇ ಜೋತುಬಿಡಲು ಹೋದಾಗ, "ಪೈಪಿನ ಮ್ಯಾಲೆ ಭಾರ ಬಿಡಬ್ಯಾಡ್ರಿ ಸರ, ತಂತೀಲೆ ಕಟ್ರಿ" ಎಂದು ತಡೆದರು. ಅವರಿಗೆ ಅರ್ಧ ದಿನದ ಕೂಲಿಯನ್ನಲ್ಲ, ಗುರುದಕ್ಷಿಣೆಯನ್ನು ಕೊಟ್ಟೆವು. ಅವರ ಕೆಲಸದ ಬೆಲೆ ನಮಗೆ ತಿಳಿದದ್ದು ಮೊದಲ ಡಿಸ್ಕನ್ನು ಹಬ್ಬಿನಿಂದ ಬಿಡಿಸಲು ಮುಕ್ಕಾಲು ಗಂಟೆ ಹೆಣಗಿದ ಮೇಲೆ. ತಾನು ಮಾಡಿ ನೋಡದವನು ಮಾತ್ರ ಮಿಸ್ತ್ರಿಯ ಜೊತೆ ನೂರು ರೂಪಾಯಿಗೆ ಚೌಕಾಸಿ ಮಾಡುತ್ತಾನೆ.

ಅವರ ಹೊಟ್ಟೆಯ ಮೇಲೆ ನಿಜವಾಗಿ ಹೊಡೆಯುತ್ತಿರುವವರು ಬೇರೆ. ವಿದ್ಯುತ್ ಮೋಟಾರಿನಿಂದ ನಡೆಯುವ ಕೈಬ್ರೇಕ್ ಇರುವ ಹಲವು ಕಾರುಗಳಲ್ಲಿ ಹಿಂದಿನ ಪ್ಯಾಡು ಬದಲಿಸುವ ಮೊದಲು ಸ್ಕ್ಯಾನರ್ ಜೋಡಿಸಿ ಕಾರನ್ನು ದುರಸ್ತಿಯ ಸ್ಥಿತಿಗೆ ತರಬೇಕು. ಆ ಸ್ಕ್ಯಾನರ್ ಇಲ್ಲದ ಮಿಸ್ತ್ರಿಗೆ ಕಾರಿನ ಬಾಗಿಲು ಮುಚ್ಚಿದಂತೆಯೇ. ಬಿಡಿಭಾಗಗಳನ್ನೂ ದೋಷ ಪತ್ತೆಯ ಉಪಕರಣಗಳನ್ನೂ ಸ್ವತಂತ್ರ ದುರಸ್ತಿಗಾರರಿಗೆ ಸಿಗದಂತೆ ತಡೆದದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗವು 2014ರಲ್ಲಿ 14 ಕಾರು ತಯಾರಕರಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚಿನ ದಂಡ ವಿಧಿಸಿತು. ಅದರ ಮೇಲೆ ಮೇಲ್ಮನವಿಗಳು ನಡೆದವು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು ದುರಸ್ತಿಯ ಹಕ್ಕಿನ ಚೌಕಟ್ಟು ರೂಪಿಸಲು ಸಮಿತಿ ನೇಮಿಸಿದಾಗ ವಾಹನ ಕ್ಷೇತ್ರವೂ ಅದರ ವ್ಯಾಪ್ತಿಯಲ್ಲಿತ್ತು. ಅಂದರೆ ನಾವು ಕೇಳುತ್ತಿರುವುದು ಮೂವರ ಹುಚ್ಚಲ್ಲ. ಮಿಸ್ತ್ರಿಯ ಹಕ್ಕೂ ನಮ್ಮ ಹಕ್ಕೂ ಒಂದೇ ಬೀಗದ ಹಿಂದೆ ಇವೆ.

ಮೂರನೆಯದು ಸಮಯದ ಲೆಕ್ಕ. ಒಂದು ಭಾನುವಾರ ಹೋಯಿತು, ಒಪ್ಪೋಣ. ಆದರೆ ಆ ಭಾನುವಾರ ಬಳಗದ ಗೆಳೆಯರೊಬ್ಬರ ಹದಿನಾಲ್ಕರ ಮಗಳು ನಾಲ್ಕು ಗಂಟೆ ನಮ್ಮೊಡನೆ ಕುಳಿತಿದ್ದಳು. ಮನೆಯಲ್ಲಿ ಕನ್ನಡಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ, ಮಿಸ್ತ್ರಿಯೊಡನೆ ಕನ್ನಡದಲ್ಲೇ ಮಾತಾಡಿದಳು. ಅವರಿಗೆ ಇಂಗ್ಲಿಷ್ ಬಾರದು, ಅವಳಿಗೆ ತಿಳಿಯುವ ಆಸೆ ಇತ್ತು. ಸವೆದದ್ದು, ಬಿಗಿದದ್ದು, ಸಡಿಲಿದ್ದು, ಒರಟು, ನುಣುಪು ಎಂಬ ಮಾತುಗಳು ಅವಳ ಬಾಯಿಂದ ಬಂದದ್ದನ್ನು ನಾವು ಕೇಳಿದೆವು. ಹೊರನಾಡಿನಲ್ಲಿ ಕನ್ನಡ ಉಳಿಸುವುದು ಹೇಗೆ ಎಂದು ಎಷ್ಟೋ ಗೋಷ್ಠಿ ನಡೆಸಿದ್ದೇವೆ. ಮಾಡುವ ಕೆಲಸವೇ ಇಲ್ಲದ ಮನೆಯಲ್ಲಿ ಭಾಷೆಗೆ ಏನು ಕೆಲಸ ಎಂದು ಯಾವ ಗೋಷ್ಠಿಯಲ್ಲೂ ಕೇಳಿರಲಿಲ್ಲ.

ಸಮಿತಿಗೆ ನಾವು ಲಿಖಿತ ಉತ್ತರ ಕೊಟ್ಟಿದ್ದೇವೆ. ನೆಲ ಕೆಡಿಸಿದರೆ ದಂಡ ಹಾಕಿ, ದಾರಿಗೆ ಅಡ್ಡವಾದರೆ ತಡೆಯಿರಿ, ಒಂದು ಮೂಲೆಯನ್ನೂ ಒಂದು ಸಮಯವನ್ನೂ ಗೊತ್ತುಮಾಡಿ. ಪ್ರಕಟಣೆಯಿಂದ ಘನತೆ ಎಂಬ ಪದವನ್ನು ಮಾತ್ರ ತೆಗೆಯಿರಿ ಎಂದು ಕೇಳಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ಮುಂದಿನ ತಿಂಗಳು ಅದೇ ಕಾರಿನ ಬ್ರೇಕ್ ಆಯಿಲ್ ಬದಲಿಸುವುದಿದೆ. ನಕ್ಕ ಹಿರಿಯರನ್ನೂ ಕರೆದಿದ್ದೇವೆ. ಹಳೆಯ ಅಂಗಿ ತೊಟ್ಟು ಬರುವುದಾಗಿ ಹೇಳಿದ್ದಾರೆ.