ಮೀನುಗಾರನಿಗೆ ಉಂಟು, ಚಾರಣಿಗನಿಗೆ ಯಾಕಿಲ್ಲ?

2013ರ ಜುಲೈ 22ರಂದು ಅಮೆರಿಕದ ಮೇನ್ ರಾಜ್ಯದ ಕಾಡಿನಲ್ಲಿ 66 ವರ್ಷದ ಜೆರಾಲ್ಡಿನ್ ಲಾರ್ಗೆ ಶೌಚಕ್ಕೆಂದು ಕಾಲುದಾರಿ ಬಿಟ್ಟು ಪಕ್ಕಕ್ಕೆ ಸರಿದರು. ಸುಮಾರು 3,500 ಕಿ.ಮೀ. ಉದ್ದದ ಅಪಲೇಶಿಯನ್ ಚಾರಣದ ದಾರಿಯಲ್ಲಿ ತಿಂಗಳುಗಟ್ಟಲೆ ನಡೆದು ಬಂದಿದ್ದವರಿಗೆ ಆ ಹೊತ್ತು ಮರಳಿ ದಾರಿ ಸಿಗಲಿಲ್ಲ. ಗಂಡನಿಗೆ ಬರೆದ ಮೆಸೇಜುಗಳು ನೆಟ್‌ವರ್ಕ್ ಇಲ್ಲದೆ ಮೊಬೈಲಿನಲ್ಲೇ ಉಳಿದವು. ದಿಬ್ಬವೊಂದರಲ್ಲಿ ಡೇರೆ ಹಾಕಿಕೊಂಡ ಅವರು ಕನಿಷ್ಠ 26 ದಿನ ಬದುಕಿದ್ದರೆಂದು ತಿಳಿದದ್ದು ಅವರ ಟಿಪ್ಪಣಿ ಪುಸ್ತಕದಿಂದ. ಅದು ಸಿಕ್ಕಿದ್ದು 2015ರ ಅಕ್ಟೋಬರಿನಲ್ಲಿ, ಕಾಲುದಾರಿಯಿಂದ ಮೂರು ಕಿ.ಮೀ. ಒಳಗೇ.

ಆ ಡೇರೆ ಯಾರ ಕಣ್ಣಿಗೂ ಬೀಳದೆ ಹೋಗಿದ್ದರೆ ಲಾರ್ಗೆ ಇವತ್ತಿಗೂ ‘ನಿಗೂಢ ಕಣ್ಮರೆ’ಗಳ ಪಟ್ಟಿಯಲ್ಲೇ ಇರುತ್ತಿದ್ದರು.

ಬೆಟ್ಟದಲ್ಲಿ ನಾಪತ್ತೆಯಾದವರ ಸುತ್ತ ಕಥೆ ಹುಟ್ಟುವುದು ಬೇಗ. ಅನ್ಯಗ್ರಹ ಜೀವಿಗಳಿಂದ ಹಿಡಿದು ನರಬಲಿಯವರೆಗೆ ಯೂಟ್ಯೂಬಿನಲ್ಲಿ ಎಲ್ಲಕ್ಕೂ ವೀಕ್ಷಕರಿದ್ದಾರೆ. ಮಲೆನಾಡಿನಲ್ಲೂ ಕಾಡಿನ ಯಾವುದೋ ಬಳ್ಳಿಯನ್ನು ದಾಟಿದವರು ಸುತ್ತಿದಲ್ಲೇ ಸುತ್ತುತ್ತಾರೆ ಎಂಬ ನಂಬಿಕೆ ಉಂಟು. ಬಳ್ಳಿಯ ಮಾತು ಹಾಗಿರಲಿ, ಸುತ್ತುವುದಂತೂ ನಿಜ. ಜರ್ಮನಿಯಲ್ಲಿ ಕೆಲಸ ಮಾಡುತ್ತಿದ್ದ ವಿಜ್ಞಾನಿ ಯಾನ್ ಸೌಮನ್ ಮತ್ತು ಸಂಗಡಿಗರು ಜನರಿಗೆ ಜಿಪಿಎಸ್ ಕಟ್ಟಿ ಕಾಡಿನಲ್ಲೂ ಸಹಾರಾ ಮರುಭೂಮಿಯಲ್ಲೂ ನಡೆಸಿ ನೋಡಿದರು. ಮೋಡ ಕವಿದು ಸೂರ್ಯ ಕಾಣದಾದಾಗ ಕಾಡಿನಲ್ಲಿ ನಡೆದವರು ನೇರ ಹೋಗುತ್ತಿದ್ದೇವೆಂದೇ ನಂಬಿ, ತಾವೇ ತುಳಿದ ಜಾಡಿಗೆ ಮತ್ತೆ ಮತ್ತೆ ಬಂದು ಸೇರಿದರು. 2009ರಲ್ಲಿ ಪ್ರಕಟವಾದ ಈ ಅಧ್ಯಯನ, ಅನುಭವಿಗಳೂ ಯಾಕೆ ದಾರಿ ತಪ್ಪುತ್ತಾರೆ ಎಂಬುದನ್ನು ದೆವ್ವದ ನೆರವಿಲ್ಲದೆ ವಿವರಿಸುತ್ತದೆ.

ದಾರಿ ತಪ್ಪುವುದು ಸಹಜ. ದಾರಿ ತಪ್ಪಿದವರು ಸಿಗುತ್ತಾರೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಮೊದಲ ಕೆಲವು ಗಂಟೆಗಳು: ಅವರು ಎಲ್ಲಿದ್ದಾರೆಂದು ಯಾರಿಗಾದರೂ ಗೊತ್ತಾಯಿತೇ, ಎಷ್ಟು ಬೇಗ ಗೊತ್ತಾಯಿತು?

1969ರ ಜೂನ್ 14ರಂದು ಅಮೆರಿಕದ ಗ್ರೇಟ್ ಸ್ಮೋಕಿ ಬೆಟ್ಟಗಳಲ್ಲಿ ಆರು ವರ್ಷದ ಡೆನಿಸ್ ಮಾರ್ಟಿನ್ ದೊಡ್ಡವರನ್ನು ಬೆಚ್ಚಿಬೀಳಿಸುವ ಆಟಕ್ಕೆಂದು ಪೊದೆಯ ಮರೆಗೆ ಹೋದ. ಕೆಲವೇ ನಿಮಿಷಗಳಲ್ಲಿ ಹುಡುಕಾಟ ಶುರುವಾದರೂ ಅಂದು ಸುರಿದ ಜಡಿಮಳೆ ಗುರುತುಗಳನ್ನೆಲ್ಲ ತೊಳೆದುಬಿಟ್ಟಿತು. ಮುಂದಿನ ದಿನಗಳಲ್ಲಿ ಹುಡುಕುವವರ ಸಂಖ್ಯೆ 1,400ರ ಆಸುಪಾಸಿಗೆ ಏರಿತು. ಉಳಿದಿರಬಹುದಾದ ಹೆಜ್ಜೆಗಳೂ ಆ ಜನಸಾಗರದ ಕಾಲಡಿಗೆ ಸಿಕ್ಕವು. ಮಗು ಇವತ್ತಿಗೂ ಸಿಕ್ಕಿಲ್ಲ. ಈ ಪ್ರಕರಣದ ಬಳಿಕ ಅಲ್ಲಿನ ರಾಷ್ಟ್ರೀಯ ಉದ್ಯಾನಗಳು ಹುಡುಕಾಟದ ಪದ್ಧತಿಯನ್ನೇ ತಿದ್ದಿಕೊಂಡವು. ತಲೆ ಎಣಿಕೆಯಿಂದ ಹುಡುಕಾಟ ಗೆಲ್ಲುವುದಿಲ್ಲವೆಂದು ಕಲಿಯಲು ತೆತ್ತ ಬೆಲೆ ಅದು.

ಭಾರತದ ಕಥೆ ಬೇರೆ. ಇಲ್ಲಿ ಹುಡುಕಾಟ ಶುರುವಾಗುವುದೇ ತಡವಾಗಿ. ಹಿಮಾಚಲದ ಕುಲ್ಲು ಜಿಲ್ಲೆಯ ಪಾರ್ವತಿ ಕಣಿವೆಯಲ್ಲಿ 1990ರ ದಶಕದಿಂದೀಚೆಗೆ ಹತ್ತಾರು ವಿದೇಶಿಯರು ಕಣ್ಮರೆಯಾಗಿದ್ದಾರೆ. 2016ರಲ್ಲಿ ಅಮೆರಿಕದ ಜಸ್ಟಿನ್ ಅಲೆಗ್ಸಾಂಡರ್ ಶೆಟ್ಲರ್ ಒಬ್ಬ ಸಾಧುವಿನ ಜೊತೆ ಮಂತಲಾಯಿ ಸರೋವರದತ್ತ ಹೊರಟರು. ಕಾಡಿನಲ್ಲಿ ಬದುಕುವ ವಿದ್ಯೆ ಬಲ್ಲವರು, ದಾರಿಯನ್ನು ಅಂತರ್ಜಾಲದಲ್ಲಿ ಬರೆದುಕೊಂಡೇ ಹೋಗುತ್ತಿದ್ದವರು. ಹೇಳಿದ ದಿನಕ್ಕೆ ಮರಳಲಿಲ್ಲ. ಮನೆಯವರು ಗಾಬರಿಯಾಗಿ ಭಾರತಕ್ಕೆ ಬಂದು, ಹೆಲಿಕಾಪ್ಟರ್ ಹಾರಿ, ಪೊಲೀಸರು ಮೇಲೆ ಹತ್ತುವ ಹೊತ್ತಿಗೆ ತಿಂಗಳು ಮೀರಿತ್ತು. ಬಂಧಿತನಾದ ಸಾಧು ಪೊಲೀಸರ ವಶದಲ್ಲೇ ಸತ್ತ. ಕೊಲೆಯೋ, ಕಾಲು ಜಾರಿ ನದಿಗೆ ಬಿದ್ದದ್ದೋ, ಬೇಕೆಂದೇ ಮರೆಯಾದದ್ದೋ? ಉತ್ತರ ಇಲ್ಲ. ಕೊನೆಯದಾಗಿ ಎಲ್ಲಿದ್ದರೆಂಬ ಒಂದೇ ಒಂದು ನಿಖರ ಬಿಂದು ಸಿಕ್ಕಿದ್ದರೆ ಇವುಗಳಲ್ಲಿ ಎರಡು ಪ್ರಶ್ನೆಗಳಾದರೂ ಬಗೆಹರಿಯುತ್ತಿದ್ದವು.

ಅಂಥ ಬಿಂದುವನ್ನು ಹಿಡಿಯುವ ವ್ಯವಸ್ಥೆಯ ಭಾರತದ ಕೇಂದ್ರ ಇರುವುದು ಬೆಂಗಳೂರಿನಲ್ಲೇ ಎಂಬುದು ಹೆಚ್ಚಿನ ಕನ್ನಡಿಗರಿಗೆ ತಿಳಿಯದು. ಕೋಸ್ಪಾಸ್-ಸಾರ್‌ಸ್ಯಾಟ್ ಎಂಬ ಅಂತಾರಾಷ್ಟ್ರೀಯ ಉಪಗ್ರಹ ಜಾಲ 1982ರ ಸೆಪ್ಟೆಂಬರಿನಲ್ಲಿ ಕೆನಡಾದ ಬೆಟ್ಟಗಳಲ್ಲಿ ವಿಮಾನ ಬಿದ್ದು ಸಿಲುಕಿದ್ದ ಮೂವರನ್ನು ಉಳಿಸಿ ತನ್ನ ಖಾತೆ ತೆರೆಯಿತು. ಅಂಗೈಯಗಲದ ಸಾಧನದ ಗುಂಡಿ ಒತ್ತಿದರೆ ಸಂಕಟದ ಸಂಕೇತ ಉಪಗ್ರಹಕ್ಕೆ ತಲುಪುತ್ತದೆ. ಮೊಬೈಲ್ ಟವರ್ ಬೇಕಿಲ್ಲ. ಈ ಜಾಲದ ಭಾರತೀಯ ನಿಯಂತ್ರಣ ಕೇಂದ್ರವನ್ನು ನಡೆಸುತ್ತಿರುವುದು ಇಸ್ರೋದ ಇಸ್ಟ್ರಾಕ್ ಎಂಬ ಘಟಕ. ಅಷ್ಟೇ ಅಲ್ಲ, ಸಮುದ್ರಕ್ಕಿಳಿಯುವ ಮೀನುಗಾರರಿಗೆಂದೇ ಇಸ್ರೋ ಸಂಕಟ ಸೂಚಕ ಸಾಧನವನ್ನು ರೂಪಿಸಿದೆ. 2024ರಲ್ಲಿ ಬಂದ ಅದರ ಎರಡನೆಯ ಪೀಳಿಗೆಯಲ್ಲಿ ‘ನಿಮ್ಮ ಸಂಕೇತ ತಲುಪಿದೆ’ ಎಂಬ ಮಾರುತ್ತರವೂ ದೋಣಿಗೆ ಬರುತ್ತದೆ.

ಬೆಟ್ಟ ಹತ್ತುವವರ ಪಾಡೇನು? ಉಪಗ್ರಹ ಫೋನಿಗೆ ದೂರಸಂಪರ್ಕ ಇಲಾಖೆಯ ಅನುಮತಿ ಬೇಕು. ಸಂದೇಶ ಕಳಿಸುವ ಚಿಕ್ಕ ಉಪಗ್ರಹ ಸಾಧನವನ್ನು ತಿಳಿಯದೆ ತಂದ ವಿದೇಶಿ ಚಾರಣಿಗರನ್ನು ವಿಮಾನ ನಿಲ್ದಾಣದಲ್ಲೇ ತಡೆದು ಠಾಣೆಗೆ ಒಯ್ದದ್ದೂ ಉಂಟು. 2008ರ ಮುಂಬೈ ದಾಳಿಯಲ್ಲಿ ಉಗ್ರರು ಉಪಗ್ರಹ ಫೋನ್ ಬಳಸಿದ್ದ ದೇಶದಲ್ಲಿ ಈ ಎಚ್ಚರ ಅತಿಯೆನ್ನಲಾಗದು. ಆದರೆ ಹೆಸರು, ಗುರುತಿನ ಚೀಟಿ ಸಮೇತ ನೋಂದಾಯಿಸಿ ಸರ್ಕಾರವೇ ಬಾಡಿಗೆಗೆ ಕೊಡುವ, ಸಂಕಟದ ಸಂಕೇತ ಬಿಟ್ಟು ಬೇರೇನೂ ಕಳಿಸಲಾಗದ ಸಾಧನದಿಂದ ಯಾವ ಗಡಿಗೆ ಅಪಾಯ?

ಕರ್ನಾಟಕಕ್ಕೆ ಇದು ದೂರದ ಮಾತಲ್ಲ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರ ತಾಲ್ ದಾರಿಯಲ್ಲಿ ಹಿಮಗಾಳಿಗೆ ಸಿಕ್ಕ 22 ಜನರ ತಂಡದಲ್ಲಿ ಹೆಚ್ಚಿನವರು ಕನ್ನಡನಾಡಿನವರು. ಒಂಬತ್ತು ಮಂದಿ ಸತ್ತರು. ಅದೇ ವರ್ಷ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದ ಜನಜಂಗುಳಿ ಕಂಡ ರಾಜ್ಯ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ಟಿಕೆಟ್ ಕಡ್ಡಾಯ ಮಾಡಿತು. ಅಂದರೆ ಯಾರು ಒಳಗೆ ಹೋಗುತ್ತಾರೆಂಬ ಪಟ್ಟಿ ಈಗ ಸಿದ್ಧವಾಗಿಯೇ ಇರುತ್ತದೆ.

ಸಂಜೆ ಹೊರಬಂದವರ ಲೆಕ್ಕವನ್ನು ಆ ಪಟ್ಟಿಗೆ ತಾಳೆ ಹಾಕಬೇಕು. ಒಬ್ಬರು ಕಡಿಮೆಯಾದರೂ ಬೆಳಗಿನವರೆಗೆ ಕಾಯದೆ ಹುಡುಕಾಟ ಶುರುವಾಗಬೇಕು. ಪ್ರತಿ ತಂಡದ ಮಾರ್ಗದರ್ಶಿಯ ಚೀಲದಲ್ಲಿ ಇಸ್ರೋ ಸಾಧನ ಒಂದಿರಬೇಕು, ಅದರ ಬಾಡಿಗೆ ಟಿಕೆಟ್ಟಿನಲ್ಲೇ ಸೇರಬೇಕು. ಸಾಧನ ಇದೆಯೆಂಬ ಧೈರ್ಯಕ್ಕೆ ಕೆಲವರು ಹುಚ್ಚು ಸಾಹಸಕ್ಕೆ ಇಳಿದಾರೆಂಬ ಆಕ್ಷೇಪದಲ್ಲಿ ಹುರುಳಿದೆ. ಅದಕ್ಕೆ ಮಾರ್ಗದರ್ಶಿಯ ತರಬೇತಿ, ಸುಳ್ಳು ಕರೆಗೆ ದಂಡ ಉಂಟು. ಕಡಲಿಗಾಗಿ ಇಸ್ರೋ ಮತ್ತು ಕರಾವಳಿ ಕಾವಲು ಪಡೆ ಮಾಡಿಕೊಂಡ ಏರ್ಪಾಡನ್ನು ಬೆಟ್ಟಕ್ಕಾಗಿ ಅರಣ್ಯ ಇಲಾಖೆ ಮತ್ತು ವಿಪತ್ತು ನಿರ್ವಹಣಾ ಪ್ರಾಧಿಕಾರ ಮಾಡಿಕೊಳ್ಳಬಹುದು. ಕುಮಾರ ಪರ್ವತದಲ್ಲಿ ಒಂದು ಹಂಗಾಮಿನ ಪ್ರಯೋಗಕ್ಕೆ ರಾಜ್ಯ ಸರ್ಕಾರ ದೂರಸಂಪರ್ಕ ಇಲಾಖೆಗೆ ಈಗಲೇ ಅರ್ಜಿ ಹಾಕಬೇಕು.